ಅತ್ತೆಯ ದನಿ ಕೇಳಿ ನಿಂತ ಎತ್ತು

ನಮ್ಮ ಅತ್ತೆಯ ಕೆಂದೆತ್ತಿನ ಹೆಗಲು ವಾಸಿ ಮಾಡಿದವರು ಡಾಕ್ಟರ್ ಮೇಡಂ. ಅದರ ಕಿವಿ ಕೆಡಿಸಿದವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಯಾಕೆಂದರೆ ಇವತ್ತಿಗೂ ನಾನು ಚಿಕ್ಕೇರೂರಿಗೆ ಕಾಲಿಟ್ಟರೆ, ಕಟ್ಟೆಯ ಮೇಲೆ ಕುಂತ ಹಿರಿಯರು, ಹಲ್ಲಿದ್ದವರು ಇಲ್ಲದವರು ಎಲ್ಲರೂ, ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆಯುತ್ತಾರೆ. ಹಲ್ಲಿಲ್ಲದವರಿಂದ ಬರೀ ಗಾಳಿ ಬರುತ್ತದೆ. ಆದರೂ ಅವಮಾನ ಮಾತ್ರ ಪೂರ್ತಿಯಾಗಿಯೇ ಮುಟ್ಟುತ್ತದೆ.

ನನಗೆ ಎರಡು ಕಸುಬು. ಒಂದು, ಹಳೆಯ ವ್ಯಾನು ಓಡಿಸುವುದು. ಇನ್ನೊಂದು, ಮದುವೆ, ಶಾಲೆಯ ಗ್ಯಾದರಿಂಗು, ಯಾರು ಮೈಕು ಕೈಗೆ ಕೊಟ್ಟರೂ ಸರಿ, ಮಿಮಿಕ್ರಿ ಮಾಡುವುದು. ಯಲವಿಗಿ ಸ್ಟೇಷನ್ನಿನಲ್ಲಿ ಗಾಡಿ ತಡವೆಂದು ಹೇಳುವ ಧ್ವನಿ, ಹಾನಗಲ್ಲಿನಿಂದ ಹಿರೇಕೆರೂರಿಗೆ ಹೋಗುವ ಬಸ್ಸಿನ ಕಂಡಕ್ಟರು, ಕೆಮ್ಮುವ ಮೊದಲು ನಮ್ಮಪ್ಪ ಎಳೆದುಕೊಳ್ಳುವ ಉಸಿರು, ಹಸಿದ ಎಮ್ಮೆಗರು, ಕುಕ್ಕರಿನ ಮೂರನೆಯ ಸೀಟಿ, ಎಲ್ಲ ಬರುತ್ತದೆ. ಕುಕ್ಕರಿನ ಸೀಟಿ ನಂಬಿ ನಮ್ಮವ್ವ ಎರಡು ಸಲ ಅರ್ಧ ಬೆಂದ ಬೇಳೆ ಇಳಿಸಿ, ಅದನ್ನೇ ನನಗೆ ಬಡಿಸಿ ಸೇಡು ತೀರಿಸಿಕೊಂಡಿದ್ದಾಳೆ. ನನ್ನ ಸ್ವಂತ ದನಿಯನ್ನೂ ನಾನು ಅಣಕಿಸದೆ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ‘ಏನ್ ಮಾಡ್ಕೊಂಡೀರಿ?’ ಎಂದು ಕೇಳಿದರೆ ಅದು ಮೂಗಿನಿಂದ ಹೊರಟು ಮೀಸೆ ದಾಟುವುದರೊಳಗೆ ಸತ್ತುಹೋಗುತ್ತದೆ. ಸ್ಟೇಜಿನ ಮೇಲೆ ಅದಕ್ಕೇ ಹೆಚ್ಚು ಚಪ್ಪಾಳೆ.

ಡಾಕ್ಟರ್ ಮೇಡಂ ಹಾನಗಲ್ಲಿನವರು. ದನ, ಎಮ್ಮೆ, ಆಡು, ನಾಯಿಗಳಿಗೆ ಔಷಧ ಮಾಡುತ್ತಾರೆ. ಆ ಬೇಸಗೆಯಲ್ಲಿ ಅವರು ತಾವು ಕಲಿತ ಕಾಲೇಜಿನ ಗುರುಗಳನ್ನು ಕಾಡಿ ಬೇಡಿ ಒಂದು ಯಂತ್ರವನ್ನು ನಾಲ್ಕು ತಿಂಗಳ ಮಟ್ಟಿಗೆ ತಂದಿದ್ದರು. ಅದನ್ನೂ ಅವರನ್ನೂ ಹೊತ್ತು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತುವ ಕೆಲಸ ನನ್ನ ವ್ಯಾನಿಗೆ ಬಂತು. ಯಂತ್ರ ಹಾರ್ಮೋನಿಯಂ ಪೆಟ್ಟಿಗೆಗಿಂತ ಸ್ವಲ್ಪ ಚಿಕ್ಕದು. ಅದರಿಂದ ಒಂದು ವಾಯರು, ವಾಯರಿನ ತುದಿಗೆ ದಪ್ಪ ಪೆನ್ನಿನಂಥದ್ದು. ಗುಂಡಿ ಒತ್ತಿದರೆ ಪೆನ್ನಿನ ಬಾಯಲ್ಲಿ ನೇರಳೆ ಬೆಳಕು, ಕಾದ ಎಣ್ಣೆಗೆ ನಾಲ್ಕೇ ಸಾಸಿವೆ ಬಿದ್ದಂಥ ಚಿಟಚಿಟ ಸದ್ದು, ಆಮೇಲೆ ಜೆರಾಕ್ಸ್ ಅಂಗಡಿಯ ವಾಸನೆ. ಹೆಸರು ಕೋಲ್ಡ್ ಪ್ಲಾಸ್ಮಾ. ಗಾಯಕ್ಕೆ, ಚರ್ಮರೋಗಕ್ಕೆ ಹಿಡಿಯುವಂಥದ್ದು.

ಅದೇನೆಂದು ಮೇಡಂ ಎಲ್ಲ ಊರಲ್ಲೂ ಒಂದೇ ರೀತಿ ಹೇಳುತ್ತಿದ್ದರು, ಹಾಗಾಗಿ ನನಗೆ ಬಾಯಿಪಾಠವಾಗಿತ್ತು: “ಗಾಳಿಗೆ ಕರೆಂಟಿನ ಚುರುಕು ಮುಟ್ಟಸ್ತೀವಿ. ಗಾಳಿ ಚುರುಕಾಗ್ತದ, ಸುಡೂ ಅಷ್ಟು ಬಿಸಿ ಆಗಂಗಿಲ್ಲ. ಗಾಯದಾಗಿನ ಕ್ರಿಮಿ ಸಾಯ್ತಾವ, ಹೊಸ ಚರ್ಮ ಬರಾಕ ಹಾದಿ ಆಗ್ತದ. ಆದ್ರ ಇದು ಮಂತ್ರ ಅಲ್ಲ. ತೊಳಿಯೂದು, ನೊಣ ಕಾಯೂದು, ದನಕ್ಕ ವಿಶ್ರಾಂತಿ ಕೊಡೂದು, ಇವು ತಪ್ಪಿದ್ರ ಇದೂ ತಪ್ತದ.”

ಕೊನೆಯ ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಎಲ್ಲರ ಕಣ್ಣು ಬೆಳಕಿನ ಮೇಲೆ. ಸವಣೂರಿನಲ್ಲಿ ಖಾರಾ ಕರಿಯುವ ಅಂಗಡಿಯ ಚಾಚಾ ಒಬ್ಬರ ನಾಯಿಗೆ ಬೆನ್ನ ಮೇಲೆ ಕೂದಲುದುರಿ ಕೆಂಪು ಹುಣ್ಣಾಗಿತ್ತು. ಪೆನ್ನು ಹಚ್ಚುವ ಮೊದಲು ಸುಡುವುದಿಲ್ಲವೆಂದು ತೋರಿಸಲು ಮೇಡಂ ತಮ್ಮ ಅಂಗೈಗೇ ಹಿಡಿದುಕೊಂಡರು. ಚಾಚಾ ತಮ್ಮ ಕೈಯನ್ನೂ ಮುಂದೆ ಮಾಡಿದರು. ಮೂವತ್ತು ವರ್ಷ ಬಾಣಲೆಯ ಮುಂದೆ ಕುಂತ ಕೈ.

“ಅರೆ, ಥಂಡಾ ಐತಲ್ರೀ ಮೇಡಂ! ಬೆಂಕಿ ಐತಿ, ಬಿಸಿ ಇಲ್ಲ. ಇದರಾಗ ಖಾರಾ ಕರಿಯಾಕ ಬರಂಗಿಲ್ಲ ಬಿಡ್ರಿ.”

“ಖಾರಾಕ್ಕಲ್ರೀ ಚಾಚಾ, ನಾಯಿಗೆ” ಎಂದರು ಮೇಡಂ.

“ನಾಯಿಗೆ ಮಾಡ್ರಿ, ಮಾಡ್ರಿ. ನನಗ ಒಂದು ಹೊಟ್ಟಿಪಾಡಿನ ವಿಚಾರ ಬಂತು, ಅಷ್ಟ.”

ಹೊರಡುವಾಗ ಅವರು ಕೊಟ್ಟ ಖಾರಾದ ಪೊಟ್ಟಣ ಹಾನಗಲ್ ತಲುಪುವುದರೊಳಗೆ ಖಾಲಿಯಾಯಿತು. ಮೇಡಂ ತಿಂದದ್ದು ಒಂದು ಮುಷ್ಟಿ. ಉಳಿದದ್ದಕ್ಕೆ ವ್ಯಾನಿನ ಕುಲುಕಾಟ ಕಾರಣವೆಂದು ಹೇಳಿ ತಪ್ಪಿಸಿಕೊಂಡೆ.

ಇಂಥ ತಿರುಗಾಟದಲ್ಲೇ ಚಿಕ್ಕೇರೂರಿನಿಂದ ಅತ್ತೆಯ ಫೋನು ಬಂತು. ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮಾವ ತೀರಿಕೊಂಡು ಏಳೆಂಟು ವರ್ಷವಾಗಿತ್ತು. ನಾಲ್ಕು ಎಕರೆ ಹೊಲ, ಒಂದು ಜೋಡಿ ಎತ್ತು: ಒಂದು ಕೆಂದ, ಒಂದು ಬಿಳಿಯ. ಹೆಂಗಸರು ಕಳೆ ತೆಗೆಯಬಹುದು, ಬೀಜ ಹಾಕಬಹುದು, ನೊಗದ ಹಿಂದೆ ನಿಲ್ಲುವುದು ಗಂಡಸರ ಕೆಲಸ ಎಂದು ಊರು ತಿಳಿದುಕೊಂಡಿತ್ತು. ಮಾವ ಹೋದ ವರ್ಷವೇ ಅತ್ತೆ ಸೀರೆಯ ಕಚ್ಚೆ ಕಟ್ಟಿ ನೊಗದ ಹಿಂದೆ ನಿಂತಳು. ಊರು ಒಂದು ವಾರ ಬದುವಿನ ಮೇಲೆ ನಿಂತು ನೋಡಿತು. ಆಮೇಲೆ ತನ್ನ ಕೆಲಸಕ್ಕೆ ತಾನು ಹೋಯಿತು. ಬಾರುಕೋಲು ಅತ್ತೆ ಮುಟ್ಟುತ್ತಿರಲಿಲ್ಲ. ಅವಳ ದನಿಯೇ ಬಾರುಕೋಲು. “ನಡಿಯೋ ನನ್ನಪ್ಪಾ” ಎಂದರೆ ಎತ್ತುಗಳು ನಡೆಯುತ್ತಿದ್ದವು, “ನಿಂದ್ರೋ ನನ್ನಪ್ಪಾ” ಎಂದರೆ ನಿಲ್ಲುತ್ತಿದ್ದವು. ಆ ದನಿ ನನಗೆ ಹತ್ತು ವರ್ಷದವನಿದ್ದಾಗಿನಿಂದ ಬರುತ್ತದೆ. ಮೊದಲು ಒಂದು ಸಣ್ಣ ಬಿರುಕು, ಆಮೇಲೆ ಬೆಲ್ಲ.

ಕೆಂದೆತ್ತಿಗೆ ನೊಗ ಉಜ್ಜಿ ಉಜ್ಜಿ ಹೆಗಲು ಬಾತು, ಬಾವು ಒಡೆದು, ಅಂಗೈಯಷ್ಟು ಹುಣ್ಣಾಗಿತ್ತು. ಮೂರು ತಿಂಗಳಾದರೂ ಮಾಯುತ್ತಿರಲಿಲ್ಲ. ಮೇಡಂ ನೋಡಿದಾಗ ಅದರ ಮೇಲೆ ಹಳದಿ, ಕಪ್ಪು, ಕಂದು, ಮೂರು ಪದರ ಲೇಪ.

“ಏನೇನ್ ಹಚ್ಚೀರಿ ಇದಕ್ಕ?”

“ಬೇವಿನೆಣ್ಣಿ, ಅರಿಶಿಣ, ಟ್ರ್ಯಾಕ್ಟರಿನ ಸುಟ್ಟ ಆಯಿಲ್, ಸೆಲ್ಲಿನ್ಯಾಗಿನ ಕರಿ ಪುಡಿ” ಎಂದು ಅತ್ತೆ ಬೆರಳು ಮಡಚಿದಳು. “ಊರಾಗ ಏನೇನೈತಿ ಎಲ್ಲಾ ಹಚ್ಚೇನ್ರಿ ಬಾಯಾರ. ಹುಡಿಗ್ಯಾರ ಲಿಪ್‌ಸ್ಟಿಕ್ ಒಂದ ಉಳದೈತಿ.”

ಮೇಡಂ ಅರ್ಧ ತಾಸು ಅದನ್ನು ತೊಳೆದರು, ಸತ್ತ ಚರ್ಮ ಕತ್ತರಿಸಿ ತೆಗೆದರು. ನಂತರ ಕೈ ಒರೆಸಿಕೊಳ್ಳುತ್ತ ಹೇಳಿದರು: ತಾವು ಹೇಳುವವರೆಗೆ ನೊಗ ಮುಟ್ಟಿಸಬಾರದು. ಎಣ್ಣೆಯಂತೂ ಹಚ್ಚಲೇಬಾರದು, ಎಣ್ಣೆ ಇದ್ದ ಕಡೆ ಈ ಪೆನ್ನು ಹಿಡಿಯುವಂತಿಲ್ಲ. ವಾರಕ್ಕೆ ಎರಡು ಸಲ ತಾವೇ ಬರುತ್ತಾರೆ.

“ಎಷ್ಟ ದಿನ ಬೇಕ್ರಿ?” ಅತ್ತೆಯ ದನಿಯಲ್ಲಿ ಆಗ ಬೆಲ್ಲ ಇರಲಿಲ್ಲ. “ಗೊಂಜಾಳ ಬಿತ್ತಾಕ ಮೈದ್ನಾರ ಟ್ರ್ಯಾಕ್ಟರ್ ತರ್ತಾರ, ಅದಕ್ಕ ಅಡ್ಡಿಯಿಲ್ಲ. ಬೆಳಿ ಮೊಣಕಾಲಿಗೆ ಬಂದಾಗ ಎಡಿ ಹೊಡದು ಸಾಲಿನ ನಡುವಿನ ಕಸ ತಗಿಯಾಕ ಎತ್ತು ಬೇಕ್ರಿ. ಅಷ್ಟರಾಗ ಇದು ನೊಗಕ್ಕ ಬರಲಿಲ್ಲಂದ್ರ ನಾ ಮುಗದೆ.”

ಮೇಡಂ ಮಾತು ಕೊಡಲಿಲ್ಲ. ಪ್ರಯತ್ನ ಮಾಡೋಣ ಎಂದರು.

ಎತ್ತಿಲ್ಲದಿದ್ದರೆ ಅತ್ತೆ ಯಾಕೆ ಮುಗಿದಂತೆ ಎಂದು ದಾರಿಯಲ್ಲಿ ಮೇಡಂ ಕೇಳಿದರು. ನಾನು ಅತ್ತೆಯ ದನಿಯಲ್ಲೇ ಹೇಳಿದೆ, ಅವಳು ನಮ್ಮಪ್ಪನ ಮುಂದೆ ಹೇಳಿದ್ದನ್ನು ಹಾಗೇ: “ಎತ್ತು ಹೋದ ದಿನಾ ಹೊಲಾನೂ ಹೋತಂತ ತಿಳಿಯೋ ಅಣ್ಣಾ. ಇವತ್ತ ಉಳುಮಿ ಮೈದ್ನಾಂದು, ನಾಳೆ ಬಿತ್ತಿಗಿ ಅವಂದು, ನಾಡದ ಯಾವ ಬೀಜ ಹಾಕೂಣು ಅನ್ನೋ ಮಾತೂ ಅವಂದ. ನಾ ಬದುವಿನ ಮ್ಯಾಲ ಕುಂತು ಬುತ್ತಿ ಗಂಟು ಬಿಚ್ಚಾಕಿ.” ಪಕ್ಕದ ಹೊಲ ಆ ಮೈದುನನದೇ. ಕೆಟ್ಟವನೇನಲ್ಲ. ಎರಡು ಹೊಲದ ನಡುವೆ ಒಂದು ಬದು ಯಾಕೆ ಬೇಕು ಎಂದು ಮಾತ್ರ ಅವನಿಗೆ ಯಾವಾಗಲೂ ತಿಳಿಯುತ್ತಿರಲಿಲ್ಲ.

ಮೇಡಂ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, “ಅಷ್ಟು ಚಂದ ಅವರ ದನಿ ಹಿಡೀತಿ. ಅವರ ಚಿಂತಿ ಹಿಡಿದಿ ಏನು?” ಎಂದರು. ನಾನು ಗೇರು ಬದಲಿಸಿದೆ. ಬದಲಿಸುವ ಅಗತ್ಯ ಇರಲಿಲ್ಲ.

ಮೊದಲನೆಯ ಸಲ ಪೆನ್ನು ಹಿಡಿದಾಗ ಅತ್ತೆ ಮನೆಯಲ್ಲೇ ಇದ್ದಳು. ಹಿತ್ತಲಿನ ಬೇವಿನ ಮರಕ್ಕೆ ಎತ್ತು ಕಟ್ಟಿ, ಮನೆಯೊಳಗಿಂದ ವಾಯರು ಎಳೆದುಕೊಂಡೆವು. ಚಿಟಚಿಟ ಶುರುವಾದ ಕೂಡಲೇ ಎತ್ತಿನ ಚರ್ಮ ನೊಣ ಕುಂತಂತೆ ನಡುಗಿತು, ಕಣ್ಣು ಬಿಳುಪಾಯಿತು. ಅತ್ತೆ ಅದರ ಕುತ್ತಿಗೆಯ ಕೆಳಗಿನ ಗಂಗೆದೊಗಲು ತೀಡುತ್ತ, “ನಿಂದ್ರೋ ನನ್ನಪ್ಪಾ, ನಿಂದ್ರೋ ನನ ರಾಜಾ” ಎಂದಳು. ಎತ್ತು ನಿಂತಿತು. ಐದಾರು ನಿಮಿಷ ಮೇಡಂ ಬೆಳಕನ್ನು ಹುಣ್ಣಿನ ಮೇಲೆ, ಅಂಚಿನಿಂದ ನಡುವಿಗೆ, ರಂಗೋಲಿ ತುಂಬಿದಂತೆ ಆಡಿಸಿದರು. ಮುಗಿಯಿತು.

ಎರಡನೆಯ ಸಲ ಹೋದಾಗ ಬಿತ್ತಿಗೆ ಶುರುವಾಗಿತ್ತು. ಅತ್ತೆ ಹೊಲದಲ್ಲಿ. ಚಿಟಚಿಟ ಕೇಳಿದ ಎತ್ತು ಮೇಡಂ ಅವರ ಬಕೀಟು ಒದ್ದಿತು, ಮರ ಸುತ್ತಿತು, ನಂತರ ನನ್ನ ಎಡಗಾಲಿನ ಮೇಲೆ ತನ್ನ ಬಲಗಾಲಿಟ್ಟು ವಿಚಾರ ಮಾಡುತ್ತ ನಿಂತಿತು.

“ನಿಮ್ಮ ಅತ್ತಿನ್ನ ಕರಕೊಂಡು ಬಾ” ಎಂದರು ಮೇಡಂ.

“ಬಂದ್ಲು ಅಂತ ತಿಳೀರಿ” ಎಂದು, ನೋವಿನಲ್ಲಿ ಹಲ್ಲು ಕಚ್ಚಿ, ಮೊದಲು ಬಿರುಕು ಆಮೇಲೆ ಬೆಲ್ಲ ಸೇರಿಸಿ, “ನಿಂದ್ರೋ ನನ್ನಪ್ಪಾ” ಎಂದೆ.

ಎತ್ತು ಕಿವಿ ತಿರುಗಿಸಿತು. ನನ್ನನ್ನು ನೋಡಿತು. ಅತ್ತೆಯನ್ನು ಹುಡುಕಿತು. ಸೀರೆಯಿಲ್ಲ, ದನಿಯಿದೆ. ಕೊನೆಗೆ ದನಿಯನ್ನೇ ನಂಬಿ, ಕಾಲು ತೆಗೆದು, ಕಂಬದಂತೆ ನಿಂತಿತು. ಇಷ್ಟು ಮರ್ಯಾದೆಯ ಪ್ರೇಕ್ಷಕರು ನನಗೆ ಯಾವ ಗ್ಯಾದರಿಂಗಿನಲ್ಲೂ ಸಿಕ್ಕಿರಲಿಲ್ಲ.

ಮೇಡಂ ಕೆಲಸ ಮುಗಿಸಿದ ಮೇಲೆ ಹೇಳಿದರು: “ಇವತ್ತಿಗೆ ಆತು. ದಿನಾ ಮಾಡಬ್ಯಾಡ ತಮ್ಮಾ. ದನಕ್ಕ ಚ್ಯಾಷ್ಟಿ ತಿಳಿಯಂಗಿಲ್ಲ. ರೂಢಿ ಅಷ್ಟ ತಿಳೀತದ.”

ಒಳ್ಳೆಯ ಮಾತು. ಒಂದು ಕಿವಿಯಿಂದ ಬಂತು, ಇನ್ನೊಂದು ಕಿವಿಯವರೆಗೂ ಹೋಗಲಿಲ್ಲ. ಅತ್ತೆಗಂತೂ ಬಿತ್ತಿಗೆ, ಗೊಬ್ಬರ, ಒಂದಾದ ಮೇಲೊಂದು ಕೆಲಸ. ಎತ್ತು ನಿಲ್ಲದಿದ್ದರೆ ಮೇಡಂ ಕೆಲಸ ನಡೆಯುವುದಿಲ್ಲ. ಹಾಗಾಗಿ ಮುಂದಿನ ಸಲವೂ ನಾನೇ ಅತ್ತೆಯಾದೆ, ಅದರ ಮುಂದಿನ ಸಲವೂ. ಮೇಡಂ ಪ್ರತಿ ಸಲ ಹುಬ್ಬು ಗಂಟಿಕ್ಕುತ್ತಿದ್ದರು. ಪ್ರತಿ ಸಲ ಬೇರೆ ದಾರಿ ಇರುತ್ತಿರಲಿಲ್ಲ. ನಾನು ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಆದರೆ ಕಲಾವಿದನಿಗೆ ಪ್ರೇಕ್ಷಕರು ಖುಷಿಯಾಗಿರಬೇಕು. “ನಿಂದ್ರೋ ನನ್ನಪ್ಪಾ” ಎಂದು ಅದು ನಿಂತ ಕೂಡಲೇ ಒಂದು ಚೂರು ಬೆಲ್ಲ ಬಾಯಿಗಿಡಲು ಶುರುಮಾಡಿದೆ. ಮುಗಿದ ಮೇಲೆ ಹಗ್ಗ ಬಿಚ್ಚಿ, ಕೊಟ್ಟಿಗೆಯ ಕಡೆ ತಿರುಗಿಸಿ, ಬಾಯಿಗೆ ಎರಡು ಬೆರಳಿಟ್ಟು ಒಂದು ಸೀಟಿ, ಹಿಂದೆಯೇ ಕಂಡಕ್ಟರನ ದನಿಯಲ್ಲಿ “ರೈಟ್, ರೈಟ್! ಹೋಗ್ಲಿ ಮುಂದಕ!” ಕೊಟ್ಟಿಗೆಯ ಗೋದಲಿಯಲ್ಲಿ ಹಸಿ ಹುಲ್ಲು ಕಾದಿರುತ್ತಿತ್ತು. ಮೂರನೆಯ ವಾರಕ್ಕೆ ಕೆಂದೆತ್ತು ಸೀಟಿ ಕೇಳಿದ ಕೂಡಲೇ ಹಿಂದೆ ಮುಂದೆ ನೋಡದೆ ಹೊರಡುತ್ತಿತ್ತು. ನಮ್ಮ ಕಡೆಯ ಎಷ್ಟೋ ಬಸ್ಸುಗಳಿಗಿಂತ ಸಮಯಕ್ಕೆ ಸರಿಯಾಗಿ.

ಒಂದು ದಿನ ಇದೇ ಹೊತ್ತಿನಲ್ಲಿ ಹಿತ್ತಲಿನ ಗೋಡೆಯಾಚೆ ಮೈದುನ ಬಂದು ನಿಂತ. ಗೋಡೆ ಎತ್ತರ. ಅವನಿಗೆ ಕೇಳಿಸಿದ್ದು ದನಿ ಮಾತ್ರ.

“ವೈನೀ, ಎತ್ತಿನ ಹುಣ್ಣು ಹೆಂಗೈತ್ರಿ? ವಾಸಿ ಆಗದಿದ್ರ ಚಿಂತಿ ಮಾಡಬ್ಯಾಡ್ರಿ, ನಾ ಅದೇನಿ.”

ಸುಮ್ಮನಿರಬೇಕಾಗಿತ್ತು. “ನೀವು ಅದೀರಂತನ ಚಿಂತಿ ಆಗೈತ್ರಿ” ಎಂದುಬಿಟ್ಟೆ, ಅತ್ತೆಯ ದನಿಯಲ್ಲಿ.

ಗೋಡೆಯಾಚೆ ಚಪ್ಪಲಿಯ ಸದ್ದು ದೂರವಾಯಿತು. ಮೇಡಂ ಪೆನ್ನು ಆರಿಸಿ, ತುಟಿ ಒಳಗೆ ಮಡಚಿ ನಗು ತಡೆದುಕೊಂಡು, ಆಮೇಲೆ ನಿಜವಾಗಿಯೇ ಬೈದರು. ಎತ್ತು ಬೆಲ್ಲಕ್ಕಾಗಿ ನಾಲಿಗೆ ಚಾಚಿತು.

ಹುಣ್ಣು ಮಾತ್ರ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. ಮೊದಲು ವಾಸನೆ ಹೋಯಿತು. ಆಮೇಲೆ ನೀರು ಸೋರುವುದು ನಿಂತಿತು. ತಳ ಹೊಸ ಇಟ್ಟಂಗಿಯ ಬಣ್ಣಕ್ಕೆ ಬಂತು, ಅಂಚಿನ ಚರ್ಮ ನಾಲ್ಕೂ ಕಡೆಯಿಂದ ಒಳಗೆ ಬರತೊಡಗಿತು. ಮೇಡಂ ಪ್ರತಿ ಸಲ ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೊ ತೆಗೆಯುತ್ತಿದ್ದರು. ಅತ್ತೆ ದಿನಾ ಉಪ್ಪುನೀರಿನಿಂದ ತೊಳೆದು, ತನ್ನ ಹಳೆಯ ಸೀರೆಯ ತೆಳ್ಳನೆಯ ಬಟ್ಟೆಯನ್ನು ನೊಣ ಬಾರದಂತೆ ಹೊದಿಸುತ್ತಿದ್ದಳು. ಯಂತ್ರದ ಪಾಲೆಷ್ಟು, ಅತ್ತೆಯ ಪಾಲೆಷ್ಟು ಎಂದು ನಾನು ಕೇಳಿದೆ. “ಇಬ್ಬರದೂ ಬೇಕು” ಎಂದರು ಮೇಡಂ. “ನಿಂದ ಎಷ್ಟು ಅಂತ ಮಾತ್ರ ಮುಂದ ಗೊತ್ತಾಗ್ತದ.” ಅದನ್ನು ನಾನು ಹೊಗಳಿಕೆ ಎಂದುಕೊಂಡೆ.

ಅತ್ತೆಯ ಹೊಲದ ಗೊಂಜಾಳ, ಅಂದರೆ ಗೋವಿನಜೋಳ, ಮೊಣಕಾಲಿಗೆ ಬಂತು. ಹೆಗಲು ಮುಚ್ಚಿಕೊಂಡು, ಮೇಲೆ ಸಣ್ಣ ಕೂದಲೂ ಮೊಳೆತಿತ್ತು. ಮೇಡಂ ಬೆರಳಿನಿಂದ ಒತ್ತಿ ನೋಡಿ, ದಿನಕ್ಕೆ ಸ್ವಲ್ಪ ಹೊತ್ತು, ಹಗುರ ಕೆಲಸ, ನೊಗಕ್ಕೆ ಮೆತ್ತೆ ಕಟ್ಟಿಯೇ ಹೂಡಬೇಕು ಎಂದರು. ಅತ್ತೆ ಹಳೆಯ ಕೌದಿ ಕತ್ತರಿಸಿ ನಾಲ್ಕು ಪದರದ ಮೆತ್ತೆ ಹೊಲಿದಿದ್ದಳು, ಅಂಚಿಗೆ ಕೆಂಪು ದಾರದ ಹೊಲಿಗೆ ಬೇರೆ. ಮದುಮಗನಿಗೂ ಅಂಥ ದಿಂಬು ಇರುವುದಿಲ್ಲ.

ಎಡೆ ಹೊಡೆಯುವ ಮೊದಲ ದಿನ ಬೆಳಿಗ್ಗೆ ಬದುವಿನ ಮೇಲೆ ಏಳೆಂಟು ಜನ ಸೇರಿದ್ದರು. ಮೈದುನ ಬಂದಿದ್ದ. ಹಿಂಗಾಲಿನಲ್ಲಿ ಮಾಯದ ಗಾಯವಿದ್ದ ಎಮ್ಮೆಯ ಯಜಮಾನನೊಬ್ಬ ಬಂದಿದ್ದ. ಎತ್ತು ಸರಿಯಾಗಿ ನಡೆದರೆ ತನ್ನ ಎಮ್ಮೆಗೂ ಬೆಳಕು ಹಿಡಿಸುವುದಾಗಿ ಮೇಡಂಗೆ ಹೇಳಿದ್ದ. ಅತ್ತೆ ನೊಗ ಹೂಡಿದಳು. ಮೆತ್ತೆ ಸರಿಪಡಿಸಿದಳು. ಎಡೆಕುಂಟೆಯ ಹಿಡಿ ಹಿಡಿದು, ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ಬಿಟ್ಟಳು:

“ನಡಿಯೋ ನನ್ನಪ್ಪಾ!”

ಬಿಳಿಯೆತ್ತು ಹೆಜ್ಜೆ ಎತ್ತಿತು. ಕೆಂದೆತ್ತು ನಾಲ್ಕೂ ಕಾಲು ನೆಲಕ್ಕೂರಿ, ಕಣ್ಣು ಅರ್ಧ ಮುಚ್ಚಿ, ಕುತ್ತಿಗೆ ಬಗ್ಗಿಸಿ ಹೆಗಲು ಮುಂದೆ ಮಾಡಿ, ನಾಲಿಗೆ ಚಾಚಿ ನಿಂತುಬಿಟ್ಟಿತು.

ಕುಂಟೆ ಓರೆಯಾಗಿ ಎಳೆದು ಐದಾರು ಗಿಡ ಕಡಿದುಹೋದವು. ಅತ್ತೆ ಮತ್ತೆ ಕರೆದಳು. ಬೆಲ್ಲ ಹೆಚ್ಚಿಸಿ ಕರೆದಳು. ಅವಳ ದನಿ ಸಿಹಿಯಾದಷ್ಟೂ ಎತ್ತು ಗಟ್ಟಿಯಾಗಿ ನಿಂತಿತು. ಮಾತು ಯಾವುದೇ ಇರಲಿ, ಆ ದನಿ ಬಂದರೆ ನಿಲ್ಲಬೇಕು, ನಿಂತರೆ ಬೆಲ್ಲ ಬರುತ್ತದೆ ಎಂದು ಅದು ಕಲಿತಿತ್ತು. ಇದು ಇಡೀ ಹೊಲದಲ್ಲಿ ಆ ಎತ್ತಿಗೂ ನನಗೂ ಮಾತ್ರ ಗೊತ್ತು ಎಂದುಕೊಂಡೆ.

ಮೈದುನ ನಾಲಿಗೆ ಲೊಚಗುಟ್ಟಿದ. “ನಾ ಹೇಳಿದ್ನಿಲ್ರಿ ವೈನಿ? ಕರೆಂಟ್ ಹಿಡಿಸಿ ಹಿಡಿಸಿ ಅದರ ತಲಿ ಕೆಡಿಸ್ಯಾರ. ಹೆಗಲ ಬಂತು, ಬುದ್ಧಿ ಹೋತು.”

“ಹೌದೌದು, ಕಣ್ಣ ನೋಡ್ರಿ, ಜೋಂಪು ಹತ್ತಿದಂಗ ಐತಿ” ಎಂದ ಇನ್ನೊಬ್ಬ.

ಎಮ್ಮೆಯ ಯಜಮಾನ ಮೇಡಂ ಕಡೆ ಕೈ ಮುಗಿದ. “ತಪ್ಪ ತಿಳಕೋಬ್ಯಾಡ್ರಿ ಮೇಡಂ. ನಮ್ಮೆಮ್ಮಿಗೆ ಬ್ಯಾಡ್ರಿ. ಹಾಲ ಕೊಡೂದ ಮರತ್ರ ನಾ ಏನ್ ಮಾಡ್ಲಿ?”

ಮೇಡಂ ಮುಖ ನೋಡಿದೆ. ಅವರು ಎತ್ತನ್ನು ನೋಡಲಿಲ್ಲ, ನೇರವಾಗಿ ನನ್ನನ್ನು ನೋಡುತ್ತಿದ್ದರು. ಅವರಿಗೆ ತಿಳಿದಿತ್ತು. ಆದರೂ ಬಾಯಿ ಬಿಡಲಿಲ್ಲ. ನಾನೇ ಬಿಡಲಿ ಎಂದು ಕಾದರು. ನಾನು ವ್ಯಾನಿನ ಹಿಂದೆ ಸರಿದು ಟೈರಿನಲ್ಲಿ ಗಾಳಿ ಇದೆಯೇ ಎಂದು ಒದ್ದು ನೋಡಿದೆ. ಇತ್ತು. ಇನ್ನೊಂದನ್ನು ಒದ್ದೆ. ಅದರಲ್ಲೂ ಇತ್ತು. ನಾಲ್ಕೇ ಟೈರು ಇರುವುದು ವ್ಯಾನಿನ ದೊಡ್ಡ ದೋಷ.

ಹೊರಗೆ ಬಂದೆ. ಬದುವಿನ ಮೇಲೆ ನಿಂತು, “ಯಂತ್ರದ ತಪ್ಪಲ್ರಿ, ನಂದು” ಎಂದೆ. ಇದು ನನ್ನ ಸ್ವಂತ ದನಿಯಲ್ಲಿ ಬಂದುದರಿಂದ ಯಾರಿಗೂ ಕೇಳಿಸಲಿಲ್ಲ. ಮೊದಲೇ ಹೇಳಿದ್ದೇನೆ, ಅದು ಮೀಸೆ ದಾಟುವುದಿಲ್ಲ. ಇನ್ನೇನು ಮಾಡಲಿ? ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆದೆ.

“ರೈಟ್, ರೈಟ್! ಹೋಗ್ಲಿ ಮುಂದಕ!”

ಕೆಂದೆತ್ತು ಕಣ್ಣು ಬಿಟ್ಟು ಹೊರಟಿತು. ಬಿಳಿಯದೂ ಜೊತೆಗೆ ಹೊರಟಿತು. ಅತ್ತೆ ಎಡೆಕುಂಟೆ ಹಿಡಿದು ಓಡುತ್ತ ಹಿಂದೆ ಹೋದಳು. ಸಾಲು ಗೆರೆ ಎಳೆದಂತೆ ಹೊಲದ ಆ ತುದಿಯವರೆಗೂ ಹೋಯಿತು. ಆ ತುದಿಯಲ್ಲಿ ನಿಲ್ಲಿಸಲು ನಾನು ಇಲ್ಲಿಂದಲೇ ಅತ್ತೆಯ ದನಿಯಲ್ಲಿ ಕೂಗಿದೆ: “ನಿಂದ್ರೋ ನನ್ನಪ್ಪಾ!” ಎತ್ತು ನಿಂತು ನಾಲಿಗೆ ಚಾಚಿತು.

ಬದುವಿನ ಮೇಲಿನ ಜನ ನೆಲಕ್ಕೆ ಕುಂತು ನಕ್ಕರು. ನಾನು ಬೆಲ್ಲ, ಸೀಟಿ, ಹಿತ್ತಲು, ಎಲ್ಲ ಒಪ್ಪಿಸಿದೆ. ಗೋಡೆಯ ಮಾತು ಬರುತ್ತಿದ್ದಂತೆ ಮೈದುನನ ನಗು ನಡುವೆಯೇ ನಿಂತಿತು.

“ಅವತ್ತ ಮಾತಾಡಿದ್ದು ನೀನಾ?”

“ನಾನ ಕಾಕಾ.”

“ನಾ ಎಂಟ ದಿನ ವೈನಿಗೆ ಮಾರಿ ತೋರಿಸಲಿಲ್ಲಲೇ!”

ಎಮ್ಮೆಯ ಯಜಮಾನ ಕಣ್ಣೀರು ಒರೆಸಿಕೊಳ್ಳುತ್ತ ಮೇಡಂ ಹತ್ತಿರ ಬಂದ. “ನಮ್ಮೆಮ್ಮಿಗೂ ಮಾಡ್ರಿ ಮೇಡಂ. ಆದ್ರ ಈ ಹುಡುಗನ್ನ ವ್ಯಾನಿನ್ಯಾಗ ಕೂಡಿಸಿ ಗಾಜ ಏರಸ್ರಿ.”

ನಗದಿದ್ದವಳು ಅತ್ತೆ ಒಬ್ಬಳೇ. ಆ ತುದಿಯಿಂದ ಸಾಲಿನ ಮೇಲೇ ನಡೆದು ಬಂದಳು. ನನ್ನ ಮುಂದೆ ನಿಂತು, ಬೆವರು ಒರೆಸಿಕೊಂಡು, ಮೆಲ್ಲಗೆ ಕೇಳಿದಳು: “ನಂದಂತ ಇದ್ದದ್ದು ಇದೊಂದ ದನಿ ಅಲ್ಲೇನೋ ಅಳ್ಯಾ? ಅದನ್ನೂ ಒಯ್ದಿ. ತಂದ ಕೊಡು.”

ನಾನು ಆ ಮಾತನ್ನು ಇವತ್ತಿನವರೆಗೂ ಅಣಕಿಸಿಲ್ಲ. ಪ್ರಯತ್ನಪಟ್ಟಿದ್ದೇನೆ. ಬರುವುದಿಲ್ಲ.

ದನಿ ವಾಪಸು ಕೊಡುವ ದಾರಿಯನ್ನು ಮೇಡಂ ಹೇಳಿದರು. ರೂಢಿಯಿಂದ ಕೆಟ್ಟದ್ದು ರೂಢಿಯಿಂದಲೇ ಸರಿಯಾಗಬೇಕು. ಅತ್ತೆ “ನಡಿ” ಎಂದಾಗ ಎತ್ತು ಒಂದು ಹೆಜ್ಜೆ ಇಟ್ಟರೆ ಬೆಲ್ಲ, ನಿಂತರೆ ಇಲ್ಲ. ಬೆಲ್ಲ ಹಿಡಿದು ಎತ್ತಿನ ಮುಂದೆ ಹಿಮ್ಮುಖವಾಗಿ ನಡೆಯಬೇಕಾದವನು ನಾನು. ಎತ್ತಿನ ಕಿವಿಗೆ ಬೀಳುವಷ್ಟು ದೂರದಲ್ಲಿ ನಾನು ಬಾಯಿ ಬಿಡುವಂತಿಲ್ಲ. ಯಾರ ದನಿಯಲ್ಲೂ. ಕೆಮ್ಮು ಕೂಡ ಬೇಡ ಎಂದಳು ಅತ್ತೆ, ಯಾಕೆಂದರೆ ನನ್ನ ಕೆಮ್ಮೂ ನಮ್ಮಪ್ಪನದೆಂದು ಅವಳಿಗೆ ಗೊತ್ತು.

ನಾಲ್ಕು ದಿನ ನಾನು ಗೋವಿನಜೋಳದ ಸಾಲಿನಲ್ಲಿ ಹಿಂದೆ ಹಿಂದೆ ನಡೆದೆ. ಎರಡು ಸಲ ಮಗುಚಿಬಿದ್ದೆ. ಹಾದು ಹೋಗುವವರು ನಿಂತು, “ಏನಪಾ ಕಂಡಕ್ಟರ್, ರಟ್ಟೀಹಳ್ಳಿಗೆ ಎಷ್ಟಕ್ಕ ಬಿಡತೈತಿ ನಿನ್ನ ಬಸ್ಸು?” ಎಂದು ಕೇಳುತ್ತಿದ್ದರು. ನನ್ನ ಗಂಟಲಿನಲ್ಲಿ ಒಂದೊಂದಕ್ಕೂ ಮೂರು ಮೂರು ಉತ್ತರ, ಮೂರು ಮೂರು ದನಿಯಲ್ಲಿ. ಎಲ್ಲ ನುಂಗಿದೆ. ಮೊದಲ ದಿನ ಎತ್ತು ಹತ್ತು ಕರೆಗೆ ಒಂದು ಸಲ ನಡೆಯಿತು. ಎರಡನೆಯ ದಿನ ಅರ್ಧಕ್ಕರ್ಧ. ಮೂರನೆಯ ದಿನ ಅದು ನನ್ನ ಮುಖ ನೋಡುವುದನ್ನು ಬಿಟ್ಟು ಕಿವಿಯನ್ನು ಹಿಂದಕ್ಕೆ, ಅತ್ತೆಯ ಕಡೆಗೆ ತಿರುಗಿಸಿತು. ಅದನ್ನು ನೋಡಿ ನನಗೆ ಯಾಕೋ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾಲ್ಕನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಕೈಯಲ್ಲಿನ ಬೆಲ್ಲ ಹಾಗೇ ಕರಗಿತು. ಎತ್ತಿಗೆ ಅದು ಬೇಕಾಗಿರಲಿಲ್ಲ. ಅತ್ತೆ ಕರೆದಳು, ಅದು ನಡೆಯಿತು, ಅಷ್ಟೇ. ಕೊನೆಯ ಸಾಲು ಮುಗಿಸಿ ನೊಗ ಇಳಿಸಿದಾಗ ಮೇಡಂ ಹೆಗಲು ಮುಟ್ಟಿ ನೋಡಿದರು. ಕೌದಿಯ ಮೆತ್ತೆಯ ಕೆಳಗೆ ಚರ್ಮ ಒಣಗಿ, ಗಟ್ಟಿಯಾಗಿ, ತಣ್ಣಗಿತ್ತು.

ಬದುವಿನ ಮೇಲೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ. ಗಂಟು ಬಿಚ್ಚಿದ್ದು ಅತ್ತೆಯಲ್ಲ, ನಾನು. ಮೈದುನನೂ ತನ್ನ ಹೊಲದಿಂದ ಬಂದು ಕುಂತ. ಎರಡು ರೊಟ್ಟಿ ತಿಂದು, ನೀರು ಕುಡಿದು, ಎತ್ತಿನ ಕಡೆ ಗದ್ದ ತೋರಿಸಿ ಹಳೆಯ ಮಾತನ್ನೇ ಹೊಸದಾಗಿ ತೆಗೆದ.

“ಈ ಸಲ ಏನೋ ಪಾರಾತ್ರಿ ವೈನಿ. ಮುಂದಿನ ವರ್ಷಕ್ಕ ವಿಚಾರ ಮಾಡ್ರಿ. ಒಮ್ಮೆ ಮಾತು ಕೇಳದಂಗಾದ ಎತ್ತು ಅದು, ಮತ್ತ ಯಾವಾಗ ಕೈ ಕೊಡತೈತೋ. ಹಿರೇಕೆರೂರ ಸಂತ್ಯಾಗ ಮಾರಿಬಿಡ್ರಿ. ಹೊಲ ನಾ ನೋಡ್ಕೋತೇನಿ.”

ನಾನು ರೊಟ್ಟಿ ಕೈಯಲ್ಲೇ ಹಿಡಿದು ಅತ್ತೆಯ ಮುಖ ನೋಡಿದೆ. ಅವಳು ತುತ್ತು ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮೊದಲು ಒಂದು ಸಣ್ಣ ಬಿರುಕು, ಆಮೇಲೆ ಬೆಲ್ಲ:

“ಮಾತು ಕೇಳದ್ದನ್ನ ಮಾರೂದಾದ್ರ ಮೊದಲ ಈ ನನ್ನ ಅಳಿಯನ್ನ ಮಾರಬೇಕು ಮೈದ್ನಾರ, ಅವನ ಬೆನ್ನಿಗೆ ನಿಮ್ಮನ್ನ ಮಾರಬೇಕು. ಎತ್ತಿಗೇನು, ನಾಳೆನ ಗಿರಾಕಿ ಬರ್ತಾರ. ನಿಮ್ಮಿಬ್ಬರ ಬಾಯಿ ತಗಸಿ ಹಲ್ಲು ನೋಡಾಕ ಯಾವನು ಬರ್ತಾನ ಹೇಳ್ರಿ?”